ನಾಯಕತ್ವದ ಸಂಶೋಧನೆಗೆ ಪ್ರಶಸ್ತಿ ಮತ್ತು ಫೆಲೋಶಿಪ್: ಹುಡುಕುವುದರಿಂದ ಅರ್ಜಿ ಹಾಕುವವರೆಗೆ

ಅಂತರ್ಜಾಲದಲ್ಲಿ ‘ಲೀಡರ್‌ಶಿಪ್ ಫೆಲೋಶಿಪ್’ ಎಂದು ಹುಡುಕಿ ನೋಡಿ. ಪುಟದ ಮೇಲೆ ಪುಟ ತೆರೆದುಕೊಳ್ಳುತ್ತದೆ. ಅದರಲ್ಲಿ ನಾಯಕತ್ವವನ್ನು ಅಧ್ಯಯನ ಮಾಡುವವರಿಗೆ ಸೇರಿದ್ದು ಬೆರಳೆಣಿಕೆಯಷ್ಟು. ಉಳಿದದ್ದೆಲ್ಲ ಈಗಾಗಲೇ ನಾಯಕರಾಗಿರುವವರಿಗೆ ಅಥವಾ ಆಗಬೇಕೆಂದು ಬಯಸುವವರಿಗೆ. ಈ ವ್ಯತ್ಯಾಸ ಗೊತ್ತಿಲ್ಲದೆ ನಾನು ಒಂದಿಡೀ ವರ್ಷ ತಪ್ಪು ಬಾಗಿಲುಗಳನ್ನು ತಟ್ಟಿದ್ದೇನೆ. ‘ನಿಮ್ಮ ಸಮುದಾಯದಲ್ಲಿ ನೀವು ತಂದ ಬದಲಾವಣೆಯನ್ನು ವಿವರಿಸಿ’ ಎಂಬ ಪ್ರಶ್ನೆಗೆ ನನ್ನ ಮಹಾಪ್ರಬಂಧದ ಮೂರನೆಯ ಅಧ್ಯಾಯವನ್ನು ಉತ್ತರವಾಗಿ ಬರೆದು ಕಳಿಸಿದ್ದೆ. ಉತ್ತರ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ.

ಈ ಮಾರ್ಗದರ್ಶಿ ಸಂಶೋಧಕರಿಗಾಗಿ: ಪಿಎಚ್‌ಡಿ ಮುಗಿಸುತ್ತಿರುವವರು, ಈಗಷ್ಟೇ ಮುಗಿಸಿದವರು, ಬೋಧನೆಯ ನಡುವೆ ಒಂದು ವರ್ಷ ಬಿಡುವು ಮಾಡಿಕೊಂಡು ಬರೆಯಬೇಕೆಂದಿರುವವರು.

1. ಮೊದಲು ಹೆಸರುಗಳನ್ನು ಜರಡಿ ಹಿಡಿಯಿರಿ

ಗೊಂದಲ ಮೂರು ಕಡೆಯಿಂದ ಬರುತ್ತದೆ. ಒಂದು, ನಾಯಕರಿಗೇ ಕೊಡುವ ಗೌರವ. ಮೋ ಇಬ್ರಾಹಿಂ ಪ್ರತಿಷ್ಠಾನ 2007ರಲ್ಲಿ ಮೊದಲ ಸಲ ಕೊಟ್ಟ ಆಫ್ರಿಕಾ ನಾಯಕತ್ವ ಪ್ರಶಸ್ತಿಯ ಮೊತ್ತ 50 ಲಕ್ಷ ಡಾಲರ್, ಹತ್ತು ವರ್ಷಗಳಿಗೆ ಹಂಚಿ ಕೊಡುವಂಥದ್ದು. ಅದು ಸಲ್ಲುವುದು ಅಧಿಕಾರದಿಂದ ಇಳಿದ ರಾಷ್ಟ್ರ ಮುಖ್ಯಸ್ಥರಿಗೆ, ಅವರ ಆಡಳಿತವನ್ನು ಅಳೆದು ತೂಗಿದ ವಿದ್ವಾಂಸರಿಗಲ್ಲ. ಅಮೆರಿಕದ ಐಸೆನ್‌ಹೋವರ್ ಫೆಲೋಶಿಪ್ (1953) ಮತ್ತು ವೈಟ್ ಹೌಸ್ ಫೆಲೋ ಕಾರ್ಯಕ್ರಮ (1964) ವೃತ್ತಿಯಲ್ಲಿ ಮೇಲೇರುತ್ತಿರುವವರನ್ನು ಆರಿಸಿಕೊಂಡು ಅನುಭವ ಕೊಡಿಸುತ್ತವೆ. ಅಲ್ಲಿ ಸಂಶೋಧನೆ ಗೌಣ.

ಎರಡನೆಯದು ಇನ್ನೂ ಮೋಸಗೊಳಿಸುವಂಥದ್ದು. ಬ್ರಿಟನ್ನಿನಲ್ಲಿ ಸಂಶೋಧನೆಗೆ ಸರ್ಕಾರದ ಹಣ ಹಂಚುವ ಸಂಸ್ಥೆಯಾದ ಯುಕೆಆರ್‌ಐ 2018ರಲ್ಲಿ ಆರಂಭಿಸಿದ ‘ಫ್ಯೂಚರ್ ಲೀಡರ್ಸ್ ಫೆಲೋಶಿಪ್’ ಅಪ್ಪಟ ಸಂಶೋಧನಾ ಫೆಲೋಶಿಪ್ಪೇ. ಆದರೆ ಅಲ್ಲಿ ‘ಲೀಡರ್’ ಎಂದರೆ ತನ್ನ ವಿಷಯದಲ್ಲಿ ಮುಂದಾಳಾಗಬಲ್ಲ ಸಂಶೋಧಕ ಎಂದರ್ಥ. ಖಗೋಳ ವಿಜ್ಞಾನಿಯೂ ಅರ್ಜಿ ಹಾಕಬಹುದು, ರಸಾಯನ ವಿಜ್ಞಾನಿಯೂ ಹಾಕಬಹುದು. ನಾಯಕತ್ವ ನಿಮ್ಮ ವಿಷಯವಾಗಿದ್ದರೆ ಅದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಮೂರನೆಯದು ‘ಫೆಲೋ’ ಎಂಬ ಪದವೇ. ಕೆಲಸದ ಜಾಗದ ಮನೋವಿಜ್ಞಾನಿಗಳ ಸಂಘವಾದ ಸೊಸೈಟಿ ಫಾರ್ ಇಂಡಸ್ಟ್ರಿಯಲ್ ಅಂಡ್ ಆರ್ಗನೈಸೇಷನಲ್ ಸೈಕಾಲಜಿ, ಅಂದರೆ ಎಸ್‌ಐಒಪಿ, ತನ್ನ ಸದಸ್ಯರಲ್ಲಿ ಗಣನೀಯ ಕೊಡುಗೆ ನೀಡಿದವರನ್ನು ಫೆಲೋ ಎಂದು ಗುರುತಿಸುತ್ತದೆ. ನಿರ್ವಹಣಾಶಾಸ್ತ್ರದ ವಿದ್ವಾಂಸರ ಸಂಘವಾದ ಅಕಾಡೆಮಿ ಆಫ್ ಮ್ಯಾನೇಜ್‌ಮೆಂಟ್‌ನಲ್ಲಿಯೂ ಫೆಲೋಗಳ ಒಂದು ಬಳಗವಿದೆ. ಇವು ಹಿರಿತನದ ಬಿರುದುಗಳು. ಇವುಗಳಿಂದ ಮನೆ ಬಾಡಿಗೆ ಕಟ್ಟಲಾಗದು. ವೇತನ ಬೇಕೆಂದಿದ್ದರೆ ನೀವು ಹುಡುಕಬೇಕಾದದ್ದು ಫೆಲೋಶಿಪ್, ಬಿರುದಲ್ಲ.

ಈ ಮೂರನ್ನೂ ಐದು ನಿಮಿಷದಲ್ಲಿ ಬೇರ್ಪಡಿಸುವ ಉಪಾಯವೊಂದಿದೆ. ನಿಯಮಾವಳಿಯನ್ನು ಆಮೇಲೆ ಓದಿ. ಮೊದಲು ಹಿಂದಿನ ವಿಜೇತರ ಪಟ್ಟಿ ತೆರೆಯಿರಿ. ಹೆಸರಿನ ಮುಂದೆ ಹುದ್ದೆ ಮತ್ತು ಸಾಧನೆ ಇದ್ದರೆ ಅದು ನಾಯಕರಿಗೆ. ಮಹಾಪ್ರಬಂಧದ ಅಥವಾ ಲೇಖನದ ಶೀರ್ಷಿಕೆ ಇದ್ದರೆ ಅದು ನಿಮಗೆ. ಶೀರ್ಷಿಕೆಗಳಿದ್ದು ಅವುಗಳಲ್ಲಿ ನಾಯಕತ್ವದ ಸುಳಿವೇ ಇಲ್ಲದಿದ್ದರೆ ಅದು ಎಲ್ಲ ವಿಷಯಗಳಿಗೂ ತೆರೆದಿರುವ ಸ್ಪರ್ಧೆ. ಪಟ್ಟಿಯನ್ನೇ ಪ್ರಕಟಿಸದ ಸಂಸ್ಥೆಯಿಂದ ದೂರವಿರಿ. ಅದರ ಕಾರಣಕ್ಕೆ ಮುಂದೆ ಬರುತ್ತೇನೆ.

2. ನಿಮ್ಮ ಕೆಲಸ ಯಾವ ಮನೆಯದು?

ನಾಯಕತ್ವದ ಅಧ್ಯಯನಕ್ಕೆ ಒಂದೇ ಮನೆಯಿಲ್ಲ. ನಿರ್ವಹಣಾಶಾಸ್ತ್ರ, ಮನಶ್ಶಾಸ್ತ್ರ, ರಾಜ್ಯಶಾಸ್ತ್ರ, ಶಿಕ್ಷಣ, ಶುಶ್ರೂಷೆ, ಇತಿಹಾಸ, ಸೇನಾ ಅಧ್ಯಯನ, ಎಲ್ಲ ಕಡೆಯೂ ಅದಕ್ಕೊಂದು ಕೋಣೆಯಿದೆ. ಪ್ರಶಸ್ತಿಗಳೂ ಹಾಗೆಯೇ ಹಂಚಿಹೋಗಿವೆ.

ನಾಯಕತ್ವವನ್ನೇ ಮನೆಯಾಗಿಸಿಕೊಂಡ ಸಂಸ್ಥೆಗಳಲ್ಲಿ ಮೊದಲು ನೋಡಬೇಕಾದದ್ದು 1999ರಲ್ಲಿ ಹುಟ್ಟಿದ ಇಂಟರ್‌ನ್ಯಾಷನಲ್ ಲೀಡರ್‌ಶಿಪ್ ಅಸೋಸಿಯೇಷನ್. ಪಿಎಚ್‌ಡಿ ಮುಗಿಸಿದವರಿಗೆ ಅಲ್ಲಿರುವ ಮುಖ್ಯ ಬಾಗಿಲು ಫ್ರೆಡ್ರಿಕ್ ಎಂ. ಜಾಬ್ಲಿನ್ ಹೆಸರಿನ ಮಹಾಪ್ರಬಂಧ ಪ್ರಶಸ್ತಿ. ರಿಚ್‌ಮಂಡ್ ವಿಶ್ವವಿದ್ಯಾಲಯದ ಜೆಪ್ಸನ್ ಸ್ಕೂಲ್ ಆಫ್ ಲೀಡರ್‌ಶಿಪ್ ಸ್ಟಡೀಸ್ ಇದರ ಜೊತೆಗಾರ. ಜಾಬ್ಲಿನ್ ಅಲ್ಲಿಯೇ ಪ್ರಾಧ್ಯಾಪಕರಾಗಿದ್ದರು. ವಿದ್ಯಾರ್ಥಿಗಳ ಸಂಶೋಧನಾ ಲೇಖನಕ್ಕೆ ಕೆನೆತ್ ಇ. ಕ್ಲಾರ್ಕ್ ಪ್ರಶಸ್ತಿಯಿದೆ. ಗ್ರೀನ್ಸ್‌ಬರೋದಲ್ಲಿ 1970ರಲ್ಲಿ ಸ್ಥಾಪನೆಯಾದ ಸೆಂಟರ್ ಫಾರ್ ಕ್ರಿಯೇಟಿವ್ ಲೀಡರ್‌ಶಿಪ್‌ನ ಮುಖ್ಯಸ್ಥರಾಗಿದ್ದವರ ಹೆಸರು ಅದು. ಮಹಾಪ್ರಬಂಧ ಮುಗಿಯುವವರೆಗೆ ಕಾಯದೆ ಸ್ಪರ್ಧಿಸಬಹುದಾದ ಇಂಥ ಬಹುಮಾನಗಳನ್ನು ಬಹಳ ಮಂದಿ ಗಮನಿಸುವುದೇ ಇಲ್ಲ.

ಸಂಘಟನೆಗಳಲ್ಲಿನ ನಾಯಕತ್ವ ನಿಮ್ಮ ವಿಷಯವಾದರೆ 1936ರ ಅಕಾಡೆಮಿ ಆಫ್ ಮ್ಯಾನೇಜ್‌ಮೆಂಟ್ ಮತ್ತು ಅದರೊಳಗಿನ ನೆಟ್‌ವರ್ಕ್ ಆಫ್ ಲೀಡರ್‌ಶಿಪ್ ಸ್ಕಾಲರ್ಸ್ ಬಳಗವನ್ನು ನೋಡಿ. ಮನೋವಿಜ್ಞಾನದ ಕಡೆಯವರಿಗೆ ಎಸ್‌ಐಒಪಿಯ ಎಸ್. ರೈನ್ಸ್ ವ್ಯಾಲೇಸ್ ಮಹಾಪ್ರಬಂಧ ಪ್ರಶಸ್ತಿ ಇದೆ. ಶಾಲೆ, ಮುಖ್ಯೋಪಾಧ್ಯಾಯ, ಶಿಕ್ಷಣ ಆಡಳಿತ ಇವುಗಳನ್ನು ಅಧ್ಯಯನ ಮಾಡುವವರಿಗೆ ಅಮೆರಿಕನ್ ಎಜುಕೇಷನಲ್ ರಿಸರ್ಚ್ ಅಸೋಸಿಯೇಷನ್ನಿನ ‘ಎ’ ವಿಭಾಗ ಮತ್ತು ಬ್ರಿಟನ್ನಿನಲ್ಲಿ ಶಿಕ್ಷಣ ನಾಯಕತ್ವದ ಅಧ್ಯಯನಕ್ಕಿರುವ ಬೆಲ್ಮಾಸ್ ಸಂಸ್ಥೆಯ ಮಹಾಪ್ರಬಂಧ ಪ್ರಶಸ್ತಿ ಇವೆ. ರಾಜಕೀಯ ನಾಯಕತ್ವದವರು ಅಮೆರಿಕನ್ ಪೊಲಿಟಿಕಲ್ ಸೈನ್ಸ್ ಅಸೋಸಿಯೇಷನ್ನಿನಲ್ಲಿ ಅಧ್ಯಕ್ಷ ಪದವಿಯ ಕುರಿತ ಗ್ರಂಥಗಳಿಗೆ ಕೊಡುವ ರಿಚರ್ಡ್ ನ್ಯೂಸ್ಟಾಟ್ ಪ್ರಶಸ್ತಿಯನ್ನೂ, 1978ರ ಇಂಟರ್‌ನ್ಯಾಷನಲ್ ಸೊಸೈಟಿ ಆಫ್ ಪೊಲಿಟಿಕಲ್ ಸೈಕಾಲಜಿಯ ಎರಿಕ್ ಎರಿಕ್ಸನ್ ಪ್ರಶಸ್ತಿಯನ್ನೂ ನೋಡಬೇಕು. ಎರಡನೆಯದು ವೃತ್ತಿಯ ಆರಂಭದಲ್ಲಿರುವ ವಿದ್ವಾಂಸರಿಗೆ.

ಮನೆ ಯಾವುದೆಂದು ತೋಚದಿದ್ದರೆ ನಿಮ್ಮದೇ ಗ್ರಂಥಋಣ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಎಣಿಸಿ. ಯಾವ ಕ್ಷೇತ್ರದ ನಿಯತಕಾಲಿಕೆಗಳು ಹೆಚ್ಚು ಸಲ ಬಂದಿವೆಯೋ ಆ ಮನೆಯ ತೀರ್ಪುಗಾರರಿಗೆ ನಿಮ್ಮ ಭಾಷೆ ಅರ್ಥವಾಗುತ್ತದೆ. ‘ನನ್ನದು ಅಂತರ್‌ಶಿಸ್ತೀಯ ಕೆಲಸ’ ಎಂದು ಎಲ್ಲ ಕಡೆಗೂ ಒಂದೇ ಅರ್ಜಿ ಕಳಿಸುವವರು ಎಲ್ಲ ಕಡೆಯೂ ಅತಿಥಿಗಳಾಗಿಯೇ ಉಳಿಯುತ್ತಾರೆ.

ಹಾಗೆಂದು ‘ನಾಯಕತ್ವ’ ಎಂಬ ಫಲಕವಿರುವ ಬಾಗಿಲನ್ನಷ್ಟೇ ತಟ್ಟಬೇಕಾಗಿಲ್ಲ. ಈ ಅಧ್ಯಯನ ಕ್ಷೇತ್ರಕ್ಕೆ ಅಡಿಪಾಯ ಹಾಕಿದವರೆಂದು ಹೆಸರಾದ ಜೇಮ್ಸ್ ಮೆಕ್‌ಗ್ರೆಗರ್ ಬರ್ನ್ಸ್ ಅವರಿಗೆ 1971ರಲ್ಲಿ ಪುಲಿಟ್ಜರ್ ಬಂದದ್ದು ಇತಿಹಾಸ ವಿಭಾಗದಲ್ಲಿ, ಫ್ರಾಂಕ್ಲಿನ್ ರೂಸ್‌ವೆಲ್ಟ್ ಕುರಿತ ಗ್ರಂಥಕ್ಕೆ. ಕೊಟ್ಟು ಕೊಳ್ಳುವ ಲೆಕ್ಕದ ಮೇಲೆ ನಡೆಯುವ ವಹಿವಾಟಿನ ನಾಯಕತ್ವ ಬೇರೆ, ಅನುಯಾಯಿಗಳನ್ನೇ ಮೇಲೆತ್ತಿ ಬದಲಿಸುವ ಪರಿವರ್ತನೆಯ ನಾಯಕತ್ವ ಬೇರೆ ಎಂದು ಅವರು ವಿಂಗಡಿಸಿ ತೋರಿಸಿದ್ದು ಅದಾಗಿ ಏಳು ವರ್ಷಗಳ ನಂತರ, 1978ರಲ್ಲಿ.

ಇನ್ನು ಕೆಲವು ಗೌರವಗಳಿಗೆ ಅರ್ಜಿಯೇ ಇಲ್ಲ. 1990ರಿಂದ ಪ್ರಕಟವಾಗುತ್ತಿರುವ ‘ದಿ ಲೀಡರ್‌ಶಿಪ್ ಕ್ವಾರ್ಟರ್ಲಿ’ ತನ್ನಲ್ಲಿ ಬಂದ ಲೇಖನಗಳಿಂದಲೇ ಅತ್ಯುತ್ತಮವಾದದ್ದನ್ನು ಆರಿಸುತ್ತದೆ. ಅಲ್ಲಿ ಲೇಖನವೇ ಅರ್ಜಿ.

3. ಅರ್ಹತೆಯ ಗಡಿಯಾರ

ಅರ್ಜಿಗಳು ಬಿದ್ದುಹೋಗುವುದು ಗುಣಮಟ್ಟದಿಂದ ಎಂದುಕೊಂಡಿದ್ದೇವೆ. ಹಲವು ಅರ್ಜಿಗಳು ಗುಣಮಟ್ಟದ ಮೇಜಿನವರೆಗೆ ತಲುಪುವುದೇ ಇಲ್ಲ, ದಿನಾಂಕದಲ್ಲೇ ಬೀಳುತ್ತವೆ. ಮಹಾಪ್ರಬಂಧ ಪ್ರಶಸ್ತಿಗಳಲ್ಲಿ ‘ಪೂರ್ಣಗೊಂಡ’ ಎಂಬ ಪದಕ್ಕೆ ನಾಲ್ಕು ಅರ್ಥಗಳಿರಬಹುದು: ಪ್ರಬಂಧ ಸಲ್ಲಿಸಿದ ದಿನ, ಮೌಖಿಕ ಪರೀಕ್ಷೆಯ ದಿನ, ವಿಶ್ವವಿದ್ಯಾಲಯ ಅಧಿಸೂಚನೆ ಹೊರಡಿಸಿದ ದಿನ, ಪದವಿ ಪ್ರದಾನದ ದಿನ. ಇವುಗಳ ನಡುವೆ ಒಂದೂವರೆ ವರ್ಷದ ಅಂತರ ಇರಬಲ್ಲದು. ನಿಯಮದಲ್ಲಿ ಸ್ಪಷ್ಟವಿಲ್ಲದಿದ್ದರೆ ಸಂಯೋಜಕರಿಗೆ ಎರಡು ಸಾಲಿನ ಇಮೇಲ್ ಬರೆದು ಉತ್ತರವನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಕೇಳಿದ್ದಕ್ಕೆ ಯಾರೂ ಅಂಕ ಕಳೆಯುವುದಿಲ್ಲ.

ಯುರೋಪಿನ ಮೇರಿ ಸ್ಕ್ಲೊಡೊವ್ಸ್ಕಾ-ಕ್ಯೂರಿ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್ ಎಲ್ಲ ವಿಷಯಗಳಿಗೂ ತೆರೆದಿದೆ, ಯಾವ ದೇಶದವರೂ ಅರ್ಜಿ ಹಾಕಬಹುದು. ಆದರೆ ಅದರ ವಾಸ್ತವ್ಯದ ನಿಯಮವನ್ನು ಓದದೆ ಮುಂದುವರಿಯಬೇಡಿ: ಕೊನೆಯ ದಿನಾಂಕಕ್ಕೆ ಹಿಂದಿನ 36 ತಿಂಗಳಲ್ಲಿ, ನೀವು ಹೋಗಬೇಕೆಂದಿರುವ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ವಾಸವಾಗಿರಬಾರದು. ಈಗಾಗಲೇ ಜರ್ಮನಿಯಲ್ಲಿ ಎರಡು ವರ್ಷ ಕಳೆದವರು ಜರ್ಮನಿಯ ಸಂಸ್ಥೆಯನ್ನೇ ಆರಿಸಿಕೊಂಡರೆ ಎಷ್ಟೇ ಒಳ್ಳೆಯ ಪ್ರಸ್ತಾವವಾದರೂ ಕಸದ ಬುಟ್ಟಿಗೆ.

ಸದಸ್ಯತ್ವವನ್ನೂ ಗಮನಿಸಿ. ಕೆಲವು ಸಂಘಗಳಲ್ಲಿ ಅಭ್ಯರ್ಥಿ ಸದಸ್ಯನಾಗಿರಬೇಕು, ಕೆಲವು ಕಡೆ ಹೆಸರು ಸೂಚಿಸುವವರು. ಕೆಲವು ಕಡೆ ಗೆದ್ದವರು ಸಮ್ಮೇಳನಕ್ಕೆ ಖುದ್ದಾಗಿ ಬಂದು ಪ್ರಬಂಧ ಮಂಡಿಸಬೇಕು. ಪ್ರಯಾಣದ ಖರ್ಚು ಯಾರದು ಎಂಬುದು ಬಹುಮಾನದ ಮೊತ್ತಕ್ಕಿಂತ ದೊಡ್ಡ ಪ್ರಶ್ನೆ ಆಗಬಹುದು. ಮೂಗಿಗಿಂತ ಮೂಗುತಿ ಭಾರವಾದ ಪ್ರಶಸ್ತಿಗಳಿವೆ.

ಇವೆಲ್ಲವನ್ನೂ ಒಂದು ಹಾಳೆಗೆ ಇಳಿಸಿ: ಹೆಸರು, ಅರ್ಹತೆಯ ಕೊನೆ, ಅರ್ಜಿಯ ಕೊನೆ, ಪತ್ರಗಳ ಕೊನೆ, ಯಾರು ಸೂಚಿಸಬೇಕು, ಖರ್ಚು. ಆಮೇಲೆ ದಿನಾಂಕಗಳಿಂದ ಹಿಂದಕ್ಕೆ ಎಣಿಸಿ. ಅಕಾಡೆಮಿ ಆಫ್ ಮ್ಯಾನೇಜ್‌ಮೆಂಟ್ ಸಮ್ಮೇಳನ ಜುಲೈ ಕೊನೆಗೋ ಆಗಸ್ಟ್‌ನಲ್ಲೋ ನಡೆದರೂ ಲೇಖನ ಸಲ್ಲಿಸುವುದು ಜನವರಿಯ ಆರಂಭದಲ್ಲಿ. ಅಂದರೆ ಬರವಣಿಗೆ ಅಕ್ಟೋಬರ್‌ಗೆ ಶುರುವಾಗಿರಬೇಕು. ಈ ಲೆಕ್ಕ ಹಾಕಿದ ಮೇಲೆ ಹನ್ನೆರಡು ಹೆಸರುಗಳ ಪಟ್ಟಿ ನಾಲ್ಕಕ್ಕೆ ಇಳಿಯುತ್ತದೆ. ನಾಲ್ಕು ಸಾಕು.

4. ಸಾರಾಂಶ: ಹೆಚ್ಚು ಸಮಯ ಇಲ್ಲಿ ಕಳೆಯಿರಿ

ಮುನ್ನೂರು ಪುಟದ ಮಹಾಪ್ರಬಂಧವನ್ನು ಕೆಲವೇ ಪುಟಗಳಿಗೆ ಇಳಿಸಿ ಎಂದು ಕೇಳುತ್ತಾರೆ. ಹೆಚ್ಚಿನವರು ಪ್ರತಿ ಅಧ್ಯಾಯದಿಂದ ಒಂದೊಂದು ಪ್ಯಾರಾ ಕತ್ತರಿಸಿ ಅಂಟಿಸುತ್ತಾರೆ. ಫಲ: ಮೊದಲ ಅರ್ಧ ಪೂರ್ತಿ ಹಿಂದಿನ ಸಾಹಿತ್ಯದ ಸಮೀಕ್ಷೆ, ಸಂಶೋಧನೆಯಿಂದ ಕಂಡುಕೊಂಡದ್ದು ಕೊನೆಯ ಆರು ಸಾಲು. ತೀರ್ಪುಗಾರರು ಒಂದೇ ಸಂಜೆ ಹತ್ತಾರು ಸಾರಾಂಶ ಓದುತ್ತಿರುತ್ತಾರೆ ಎಂಬುದನ್ನು ನೆನಪಿಡಿ. ಅವರ ಕಣ್ಣು ಮೊದಲ ಪ್ಯಾರಾದಲ್ಲೇ ಮೂರು ಸಂಗತಿ ಹುಡುಕುತ್ತದೆ: ಪ್ರಶ್ನೆ ಏನು, ಯಾಕೆ ಅದು ಇನ್ನೂ ಪ್ರಶ್ನೆಯಾಗಿಯೇ ಉಳಿದಿದೆ, ನೀವು ಕಂಡುಕೊಂಡದ್ದೇನು.

ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಆಸ್ಪತ್ರೆಯ ದಾದಿಯರ ಬಗ್ಗೆ ಪಿಎಚ್‌ಡಿ ಮಾಡಿದವರೊಬ್ಬರು ಹೀಗೆ ಆರಂಭಿಸುತ್ತಾರೆ:

‘ಇಂದಿನ ವೇಗವಾಗಿ ಬದಲಾಗುತ್ತಿರುವ ಜಗತ್ತಿನಲ್ಲಿ ನಾಯಕತ್ವವು ಎಂದಿಗಿಂತಲೂ ಹೆಚ್ಚು ಮಹತ್ವ ಪಡೆದಿದೆ. ಆರೋಗ್ಯ ಕ್ಷೇತ್ರದಲ್ಲಿ ಪರಿಣಾಮಕಾರಿ ನಾಯಕತ್ವದ ಅಗತ್ಯವನ್ನು ಅನೇಕ ವಿದ್ವಾಂಸರು ಒತ್ತಿ ಹೇಳಿದ್ದಾರೆ. ಈ ಅಧ್ಯಯನವು ದಾದಿಯರಲ್ಲಿ ನಾಯಕತ್ವದ ವಿವಿಧ ಆಯಾಮಗಳನ್ನು ಪರಿಶೀಲಿಸುತ್ತದೆ.’

ಇದರಲ್ಲಿ ತಪ್ಪಿಲ್ಲ, ಇದರಲ್ಲಿ ಏನೂ ಇಲ್ಲ. ಅದೇ ಕೆಲಸವನ್ನು ಹೀಗೆ ಹೇಳಬಹುದು:

‘ರಾತ್ರಿ ಪಾಳಿಯಲ್ಲಿ ಮುಖ್ಯ ದಾದಿ ವಾರ್ಡಿನಲ್ಲಿ ಇರುವುದಿಲ್ಲ. ರೋಗಿಯ ಸ್ಥಿತಿ ಹಠಾತ್ತನೆ ಬಿಗಡಾಯಿಸಿದಾಗ ಉಳಿದ ದಾದಿಯರಲ್ಲಿ ಯಾರ ಮಾತು ನಡೆಯುತ್ತದೆ? ಹುದ್ದೆಯಿಲ್ಲದವರೂ ಮುಂದಾಳಾಗಬಲ್ಲರು ಎಂದು ಈಗಿರುವ ಸಿದ್ಧಾಂತಗಳು ಒಪ್ಪುತ್ತವೆ. ಆದರೆ ಆ ಕ್ಷಣದಲ್ಲಿ ಉಳಿದವರು ಒಬ್ಬರನ್ನೇ ಯಾಕೆ ಅನುಸರಿಸುತ್ತಾರೆ ಎಂಬುದನ್ನು ಅವು ವಿವರಿಸುವುದಿಲ್ಲ. ನಾಲ್ಕು ವಾರ್ಡುಗಳಲ್ಲಿ ಒಂಬತ್ತು ತಿಂಗಳು ನಡೆಸಿದ ಈ ಅವಲೋಕನದಲ್ಲಿ ಕಂಡದ್ದು: ಅನುಭವದ ವರ್ಷಗಳಿಗಿಂತ, ಹಿಂದಿನ ಪಾಳಿಯಿಂದ ಬಂದ ಮಾಹಿತಿ ಯಾರ ಕೈಯಲ್ಲಿತ್ತು ಎಂಬುದೇ ಅದನ್ನು ನಿರ್ಧರಿಸುತ್ತಿತ್ತು.’

ಎರಡನೆಯದು ಓದಿದ ತೀರ್ಪುಗಾರರಿಗೆ ಒಪ್ಪಿಗೆಯಾಗದಿರಬಹುದು, ಆದರೆ ಜಗಳಕ್ಕೆ ವಿಷಯವಾದರೂ ಸಿಕ್ಕಿತು. ಪ್ರಶಸ್ತಿ ಸಮಿತಿಯ ಸಭೆಯಲ್ಲಿ ನಿಮ್ಮ ಪ್ರಬಂಧದ ಬಗ್ಗೆ ಯಾರಾದರೂ ಒಂದು ವಾಕ್ಯದಲ್ಲಿ ಮಾತಾಡಬೇಕು: ‘ಆ ರಾತ್ರಿ ಪಾಳಿಯ ಪ್ರಬಂಧ ಇದೆಯಲ್ಲ’ ಎಂದು. ಆ ವಾಕ್ಯವನ್ನು ಅವರಿಗೆ ನೀವೇ ಒದಗಿಸಬೇಕು.

‘ನಾಯಕತ್ವ’ ಎಂಬ ಪದಕ್ಕೆ ನಿಮ್ಮ ಅರ್ಥ ಯಾವುದೆಂದು ಮೊದಲ ಪುಟದಲ್ಲೇ ಹೇಳಿ. ಹುದ್ದೆಯೇ, ಗುಣವೇ, ನಡವಳಿಕೆಯೇ, ಅನುಯಾಯಿಗಳ ಜೊತೆಗಿನ ಸಂಬಂಧವೇ, ಅಥವಾ ಜನ ಒಬ್ಬರ ಮೇಲೆ ಆರೋಪಿಸುವ ಕಲ್ಪನೆಯೇ? ನನ್ನ ಮೊದಲ ಸಾರಾಂಶದಲ್ಲಿ ಈ ಪದ ಸಾಲಿಗೊಮ್ಮೆ ಬಂದಿತ್ತು, ಅರ್ಥ ಮಾತ್ರ ಒಮ್ಮೆಯೂ ಬಂದಿರಲಿಲ್ಲ. ಓದಿಕೊಟ್ಟ ಹಿರಿಯರೊಬ್ಬರು ಪ್ರತಿಯೊಂದಕ್ಕೂ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ‘ಯಾವುದು?’ ಎಂದಷ್ಟೇ ಬರೆದಿದ್ದರು.

5. ಬಂದೇ ಬರುವ ಪ್ರಶ್ನೆಗಳು

ಈ ಕ್ಷೇತ್ರಕ್ಕೆ ತನ್ನದೇ ಆದ ಹಳೆಯ ಗಾಯಗಳಿವೆ. ಅವು ತೀರ್ಪುಗಾರರಿಗೆ ಗೊತ್ತು, ನಿಮಗೂ ಗೊತ್ತಿರುವುದು ಅರ್ಜಿಯಲ್ಲಿ ಕಾಣಬೇಕು.

ಮೊದಲನೆಯದು ನಾಯಕನ ಮೇಲಿನ ಮೋಹ. ಸಂಸ್ಥೆ ಗೆದ್ದರೂ ಸೋತರೂ ಕಾರಣವನ್ನು ಮುಖ್ಯಸ್ಥನ ತಲೆಗೇ ಕಟ್ಟುವ ಜನರ ಚಾಳಿಯನ್ನು ಜೇಮ್ಸ್ ಮೈಂಡಲ್ ಮತ್ತು ಸಂಗಡಿಗರು 1985ರಲ್ಲೇ ತೋರಿಸಿದ್ದರು. ನಿಮ್ಮ ಅಧ್ಯಯನ ‘ಯಶಸ್ವಿ’ ನಾಯಕರನ್ನಷ್ಟೇ ಸಂದರ್ಶಿಸಿ ಅವರ ಸಾಮಾನ್ಯ ಗುಣಗಳನ್ನು ಪಟ್ಟಿ ಮಾಡಿದ್ದರೆ, ಅದೇ ಗುಣಗಳಿದ್ದೂ ಸೋತವರ ಕಥೆ ಏನು ಎಂಬ ಪ್ರಶ್ನೆ ಬಂದೇ ಬರುತ್ತದೆ.

ಎರಡನೆಯದು ಪ್ರಶ್ನಾವಳಿ. ಒಬ್ಬನೇ ನೌಕರ, ಒಂದೇ ದಿನ, ಒಂದೇ ಹಾಳೆಯಲ್ಲಿ ತನ್ನ ಮೇಲಧಿಕಾರಿಯ ನಾಯಕತ್ವಕ್ಕೂ ತನ್ನ ಕೆಲಸದ ತೃಪ್ತಿಗೂ ಅಂಕ ಕೊಟ್ಟರೆ ಎರಡೂ ಹೊಂದಿಕೊಂಡು ಬರುವುದರಲ್ಲಿ ಆಶ್ಚರ್ಯವಿಲ್ಲ. ಅವನ ಅಂದಿನ ಮನಸ್ಥಿತಿಯೇ ಎರಡೂ ಕಡೆ ಮಾತಾಡಿರಬಹುದು. ದತ್ತಾಂಶವನ್ನು ಬೇರೆ ಮೂಲದಿಂದ ಅಥವಾ ಬೇರೆ ಸಮಯದಲ್ಲಿ ಸಂಗ್ರಹಿಸಿದ್ದರೆ ಅದನ್ನು ಪುಟದ ಮೂಲೆಯಲ್ಲಿ ಅಡಗಿಸಬೇಡಿ, ಮುಂದೆ ತನ್ನಿ.

ಮೂರನೆಯದು ಕಾರಣ ಮತ್ತು ಪರಿಣಾಮ. ಜಾನ್ ಆಂಟೊನಾಕಿಸ್ ಮತ್ತು ಸಹಲೇಖಕರು 2010ರಲ್ಲಿ ‘ದಿ ಲೀಡರ್‌ಶಿಪ್ ಕ್ವಾರ್ಟರ್ಲಿ’ಯಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ 110 ಲೇಖನಗಳನ್ನು ಪರಿಶೀಲಿಸಿದರು. ಕಾರಣ–ಪರಿಣಾಮವನ್ನು ಸಮರ್ಥಿಸಲು ಬೇಕಾದ ಷರತ್ತುಗಳಲ್ಲಿ ಹೆಚ್ಚಿನವನ್ನು ಆ ಲೇಖನಗಳು ಪಾಲಿಸಿರಲಿಲ್ಲ. ಒಳ್ಳೆಯ ನಾಯಕನಿಂದ ತಂಡ ಚೆನ್ನಾಗಿ ಕೆಲಸ ಮಾಡಿತೋ, ಚೆನ್ನಾಗಿ ಕೆಲಸ ಮಾಡುವ ತಂಡ ಸಿಕ್ಕಿದ್ದರಿಂದ ನಾಯಕ ಒಳ್ಳೆಯವನಾಗಿ ಕಂಡನೋ? ನಿಮ್ಮ ವಿಧಾನದಿಂದ ಇದನ್ನು ಬಿಡಿಸಲಾಗದಿದ್ದರೆ ‘ಪ್ರಭಾವ’, ‘ಪರಿಣಾಮ’ ಎಂಬ ಪದಗಳನ್ನು ತೆಗೆದು ‘ಸಂಬಂಧ’ ಎಂದು ಬರೆಯಿರಿ. ಸಣ್ಣ ಹೇಳಿಕೆ ನಿಂತು ಗೆಲ್ಲುತ್ತದೆ, ದೊಡ್ಡ ಹೇಳಿಕೆ ಮೊದಲ ಪ್ರಶ್ನೆಗೇ ಮುಗ್ಗರಿಸುತ್ತದೆ.

ನಾಲ್ಕನೆಯದು, ಒಂದು ಕಡೆ ನಿಜವಾದದ್ದು ಎಲ್ಲೆಡೆಯೂ ನಿಜವೇ ಎಂಬುದು. ರಾಬರ್ಟ್ ಹೌಸ್ ಆರಂಭಿಸಿದ ಗ್ಲೋಬ್ ಅಧ್ಯಯನ 62 ಸಮಾಜಗಳಲ್ಲಿ ಸುಮಾರು 17,000 ವ್ಯವಸ್ಥಾಪಕರನ್ನು ಕೇಳಿ, ಕೆಲವು ಗುಣಗಳನ್ನು ಎಲ್ಲರೂ ಮೆಚ್ಚುತ್ತಾರೆ, ಕೆಲವನ್ನು ಒಂದು ಕಡೆ ಮೆಚ್ಚಿ ಇನ್ನೊಂದು ಕಡೆ ತೆಗಳುತ್ತಾರೆ ಎಂದು ತೋರಿಸಿತು. ನಿಮ್ಮ ಅಧ್ಯಯನ ಒಂದೇ ಊರಿನ ಒಂದೇ ಸಂಸ್ಥೆಯದಾಗಿದ್ದರೆ ಅದಕ್ಕಾಗಿ ಕ್ಷಮೆ ಕೇಳಬೇಡಿ. ಆ ಒಂದು ಸ್ಥಳವನ್ನೇ ಯಾಕೆ ಆರಿಸಿಕೊಂಡಿರಿ, ಬೇರೆಡೆ ಕಾಣದ್ದು ಅಲ್ಲಿ ಏನು ಕಂಡಿತು ಎಂದು ಹೇಳಿ.

6. ಪತ್ರಗಳು ಮತ್ತು ನಾಮನಿರ್ದೇಶನ

ಹೆಸರಾಂತ ವ್ಯಕ್ತಿಯಿಂದ ಬಂದ ಪೊಳ್ಳು ಪತ್ರಕ್ಕಿಂತ, ನಿಮ್ಮ ಮೂರನೆಯ ಅಧ್ಯಾಯವನ್ನು ನಿಜವಾಗಿ ಓದಿದವರ ಪತ್ರ ಮೇಲು. ‘ಈ ಅಭ್ಯರ್ಥಿ ಶ್ರಮಜೀವಿ, ವಿನಯಶೀಲ’ ಎಂಬ ಪತ್ರ ನಿಮ್ಮನ್ನು ಒಳ್ಳೆಯ ಮನುಷ್ಯ ಎಂದು ಸಾಧಿಸುತ್ತದೆ, ಅಷ್ಟೇ. ಪತ್ರದಲ್ಲಿ ಇರಬೇಕಾದದ್ದು ನಿಮ್ಮ ಕೆಲಸದಿಂದ ಆ ಕ್ಷೇತ್ರದಲ್ಲಿ ಯಾವ ನಂಬಿಕೆ ಅಲುಗಾಡಿತು ಎಂಬುದು. ಅದನ್ನು ಬರೆಯಲು ಬರೆಯುವವರಿಗೆ ಸಾಮಗ್ರಿ ಬೇಕು.

ಆರು ವಾರ ಮುಂಚೆಯೇ ಕೇಳಿ. ಕೇಳುವಾಗ ‘ನನ್ನ ಬಗ್ಗೆ ಬಲವಾದ ಪತ್ರ ಬರೆಯಲು ನಿಮಗೆ ಸಾಧ್ಯವೇ?’ ಎಂದೇ ಕೇಳಿ, ಹಿಂಜರಿಯುವವರಿಗೆ ಗೌರವದಿಂದ ಹಿಂದೆ ಸರಿಯಲು ದಾರಿಯಾಗುತ್ತದೆ. ಒಪ್ಪಿದವರಿಗೆ ಪ್ರಶಸ್ತಿಯ ಮಾನದಂಡ, ನಿಮ್ಮ ಸಾರಾಂಶ, ಸ್ವವಿವರ ಮತ್ತು ಒಂದು ಪುಟದ ಟಿಪ್ಪಣಿ ಕಳಿಸಿ. ಟಿಪ್ಪಣಿಯಲ್ಲಿ ಅವರಿಗೆ ಮಾತ್ರ ಗೊತ್ತಿರುವ ಎರಡು ಸಂಗತಿಗಳನ್ನು ನೆನಪಿಸಿ: ಯಾವ ಸೆಮಿನಾರಿನಲ್ಲಿ ಯಾವ ಪ್ರಶ್ನೆ ಬಂದು ನೀವು ವಿಧಾನವನ್ನೇ ಬದಲಿಸಿದಿರಿ, ಯಾವ ಅಧ್ಯಾಯವನ್ನು ಎಷ್ಟು ಸಲ ತಿದ್ದಿದಿರಿ. ಇಬ್ಬರು ಬರೆಯುವುದಾದರೆ ಕೆಲಸ ಹಂಚಿಕೊಡಿ. ಒಬ್ಬರು ಸಿದ್ಧಾಂತದ ಬಗ್ಗೆ, ಇನ್ನೊಬ್ಬರು ವಿಧಾನ ಮತ್ತು ಕ್ಷೇತ್ರಕಾರ್ಯದ ಬಗ್ಗೆ ಬರೆಯಲಿ. ಇಬ್ಬರೂ ಒಂದೇ ಹೊಗಳಿಕೆ ಬರೆದರೆ ಎರಡನೆಯ ಪತ್ರ ವ್ಯರ್ಥ.

‘ನೀವೇ ಬರೆದು ತನ್ನಿ, ಸಹಿ ಹಾಕುತ್ತೇನೆ’ ಎನ್ನುವ ಮಾರ್ಗದರ್ಶಕರಿದ್ದಾರೆ. ಬೇಡ. ಅರ್ಜಿಯ ದನಿಯೂ ಪತ್ರದ ದನಿಯೂ ಒಂದೇ ಎಂಬುದು ಎರಡನೆಯ ಪ್ಯಾರಾದಲ್ಲೇ ಗೊತ್ತಾಗುತ್ತದೆ. ಟಿಪ್ಪಣಿ ಕೊಡಿ, ಪತ್ರ ಅವರದಾಗಿರಲಿ.

ಸ್ವಯಂ ನಾಮನಿರ್ದೇಶನಕ್ಕೆ ಅವಕಾಶವಿದ್ದರೆ ಸಂಕೋಚ ಬೇಡ. ಇನ್ನೊಬ್ಬರೇ ಸೂಚಿಸಬೇಕೆಂದಿದ್ದರೆ, ‘ನನ್ನ ಹೆಸರನ್ನು ಸೂಚಿಸುತ್ತೀರಾ?’ ಎಂದು ನೇರವಾಗಿ ಕೇಳುವುದು ನಾಚಿಕೆಗೇಡಲ್ಲ. ಹಿರಿಯರಿಗೆ ಹಲವು ಪ್ರಶಸ್ತಿಗಳ ಸುದ್ದಿಯೇ ತಲುಪಿರುವುದಿಲ್ಲ.

7. ಫೆಲೋಶಿಪ್‌ಗೆ ಬೇರೆ ಬರವಣಿಗೆ

ಪ್ರಶಸ್ತಿಗೆ ಮುಗಿದ ಕೆಲಸ ಸಾಕು. ಫೆಲೋಶಿಪ್ ಕೊಡುವವರು ಇನ್ನೂ ಆಗದ ಕೆಲಸದ ಮೇಲೆ ಹಣ ಹೂಡುತ್ತಾರೆ, ಅವರಿಗೆ ಮುಖ್ಯವಾದದ್ದು ಅದು ನಡೆಯುತ್ತದೆ ಎಂಬ ನಂಬಿಕೆ. ಮೇರಿ ಕ್ಯೂರಿ ಫೆಲೋಶಿಪ್‌ನ ಅಂಕಪಟ್ಟಿ ನೋಡಿ: ಶ್ರೇಷ್ಠತೆಗೆ ಶೇ. 50, ಪ್ರಭಾವಕ್ಕೆ ಶೇ. 30, ಅನುಷ್ಠಾನಕ್ಕೆ ಶೇ. 20. ವಿಚಾರ ಎಷ್ಟೇ ಅದ್ಭುತವಾಗಿದ್ದರೂ ಅರ್ಧ ಅಂಕ ಬೇರೆ ಕಡೆ ಇದೆ. ಬೇರೆ ಯೋಜನೆಗಳಲ್ಲಿ ಅನುಪಾತ ಬೇರೆಯಿರಬಹುದು, ಆದರೆ ಅಂಕಪಟ್ಟಿ ಪ್ರಕಟವಾಗಿದ್ದರೆ ನಿಮ್ಮ ಪುಟಗಳನ್ನೂ ಅದೇ ಅನುಪಾತದಲ್ಲಿ ಹಂಚಿಕೊಳ್ಳಿ.

ನಾಯಕತ್ವ ಸಂಶೋಧಕರು ಹೆಚ್ಚಾಗಿ ಎಡವುವುದು ಪ್ರವೇಶದಲ್ಲಿ. ‘ಇಪ್ಪತ್ತು ಕಂಪನಿಗಳ ಮುಖ್ಯಸ್ಥರನ್ನು ಸಂದರ್ಶಿಸುತ್ತೇನೆ’ ಎಂದು ಬರೆಯುವುದು ಸುಲಭ. ಅವರು ಒಪ್ಪುತ್ತಾರೆಂದು ಯಾರು ಹೇಳಿದರು? ಆ ಪದವಿಯಲ್ಲಿರುವವರ ಅರ್ಧ ಗಂಟೆ ಸಿಗುವುದು ಕನ್ನಡಿಯೊಳಗಿನ ಗಂಟು. ಒಂದೆರಡು ಸಂಸ್ಥೆಗಳಿಂದಾದರೂ ಒಪ್ಪಿಗೆಯ ಪತ್ರ ಲಗತ್ತಿಸಿ. ಸಿಗದಿದ್ದರೆ ಬದಲಿ ಯೋಜನೆ ಬರೆಯಿರಿ: ಮುಖ್ಯಸ್ಥರ ಬದಲು ಅವರ ಕೈಕೆಳಗಿನವರು, ಸಂದರ್ಶನದ ಬದಲು ಸಭೆಯ ನಡಾವಳಿಗಳು, ಸಾರ್ವಜನಿಕ ಭಾಷಣಗಳು, ದಾಖಲಾಗಾರ. ಬದಲಿ ಯೋಜನೆಯಿದ್ದರೆ ಅರ್ಜಿ ದುರ್ಬಲವಾಗಿ ಕಾಣುತ್ತದೆ ಎಂಬ ಹೆದರಿಕೆ ಬೇಡ. ಅದು ಈ ಕೆಲಸ ಹಿಂದೆ ಮಾಡಿದ ಅನುಭವ ನಿಮಗಿದೆ ಎಂದು ಹೇಳುತ್ತದೆ.

ಆತಿಥೇಯ ಸಂಸ್ಥೆಯನ್ನು ಹೆಸರಿನ ತೂಕ ನೋಡಿ ಆರಿಸಬೇಡಿ. ಅಲ್ಲಿ ನಿಮ್ಮ ಕರಡನ್ನು ಓದಿ ಜಗಳವಾಡುವವರು ಯಾರು ಎಂದು ನೋಡಿ. 1954ರಿಂದ ಸ್ಟ್ಯಾನ್‌ಫೋರ್ಡ್‌ನಲ್ಲಿರುವ ಸೆಂಟರ್ ಫಾರ್ ಅಡ್ವಾನ್ಸ್‌ಡ್ ಸ್ಟಡಿ ಇನ್ ದಿ ಬಿಹೇವಿಯರಲ್ ಸೈನ್ಸಸ್‌ನಂಥ ವಾಸ್ತವ್ಯದ ಫೆಲೋಶಿಪ್‌ಗಳಲ್ಲಿ ಬೇರೆ ಬೇರೆ ಶಿಸ್ತುಗಳವರು ಒಂದೇ ಸೂರಿನಡಿ ಕೂಡುತ್ತಾರೆ. ಅಂಥ ಕಡೆಗೆ ಬರೆಯುವಾಗ ಬೇರೆ ಶಿಸ್ತಿನವರಿಂದ ನೀವು ಕಲಿಯಬೇಕೆಂದಿರುವುದು ಏನು ಎಂಬ ಪ್ಯಾರಾ ಔಪಚಾರಿಕವಾಗಿರಬಾರದು.

ಬಜೆಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಂದರ್ಶನಗಳನ್ನು ಅಕ್ಷರಕ್ಕಿಳಿಸುವ ಕೆಲಸ, ಅನುವಾದ ಮತ್ತು ಸಂಶೋಧನಾ ನೈತಿಕತೆಯ ಸಮಿತಿಯ ಅನುಮತಿಗೆ ಹಿಡಿಯುವ ಕಾಲ, ಈ ಮೂರನ್ನು ಎಲ್ಲರೂ ಮರೆಯುತ್ತಾರೆ. ಒಂದು ಗಂಟೆಯ ಸಂದರ್ಶನವನ್ನು ಅಕ್ಷರಕ್ಕಿಳಿಸಲು ಹಲವು ಗಂಟೆ ಬೇಕು. ನಲವತ್ತು ಸಂದರ್ಶನಗಳಿಗೆ ಗುಣಿಸಿ ನೋಡಿ.

8. ಕಳಿಸುವ ಮುನ್ನ

ಹೆಸರು ಮರೆಮಾಚಿ ಓದುವ ಸ್ಪರ್ಧೆಗಳಲ್ಲಿ ಕಡತದ ಗುಣಲಕ್ಷಣಗಳಲ್ಲಿ ಉಳಿದ ಹೆಸರು, ಕೃತಜ್ಞತೆಯ ಪುಟ, ‘ನನ್ನ ಹಿಂದಿನ ಲೇಖನದಲ್ಲಿ ತೋರಿಸಿದಂತೆ’ ಎಂಬ ವಾಕ್ಯ, ಸಂಸ್ಥೆಯ ಗುರುತು ಕಾಣುವ ಅನುಬಂಧ, ಇಷ್ಟನ್ನೂ ತೆಗೆಯಿರಿ. ಪುಟಮಿತಿ ಮೀರಬೇಡಿ; ಅಕ್ಷರ ಚಿಕ್ಕದು ಮಾಡಿ ಹಿಡಿಸುವ ಜಾಣತನ ಓದುವವರ ಕಣ್ಣಿಗೆ ಮೊದಲು ಬೀಳುತ್ತದೆ. ಸಂಶೋಧಕರನ್ನು ಗುರುತಿಸುವ ಹದಿನಾರು ಅಂಕೆಗಳ ಆರ್ಕಿಡ್ (ORCID) ಸಂಖ್ಯೆ ಇನ್ನೂ ಇಲ್ಲದಿದ್ದರೆ ಮಾಡಿಸಿಕೊಳ್ಳಿ, ಉಚಿತ. ಒಂದೇ ರೀತಿಯ ಹೆಸರಿನವರು ಹಲವರಿರುವಾಗ, ಹೆಸರಿನ ಅಕ್ಷರಗಳನ್ನು ಇಂಗ್ಲಿಷಿನಲ್ಲಿ ನಾಲ್ಕು ಬಗೆಯಾಗಿ ಬರೆಯುವ ನಮ್ಮಂಥವರಿಗೆ ಅದು ಬಹಳ ಉಪಕಾರಿ.

ಕೊನೆಗೆ, ಬೇರೆ ವಿಷಯದಲ್ಲಿ ಓದಿದ ಗೆಳೆಯರೊಬ್ಬರಿಗೆ ಸಾರಾಂಶ ಕೊಟ್ಟು ಓದಿಸಿ, ಹಾಳೆ ಕಸಿದುಕೊಂಡು, ‘ನಾನು ಏನು ಕಂಡುಹಿಡಿದೆ?’ ಎಂದು ಕೇಳಿ. ಅವರು ‘ನೀನು ನಾಯಕತ್ವದ ಬಗ್ಗೆ ಅಧ್ಯಯನ ಮಾಡಿದ್ದೀಯ’ ಎಂದರೆ ನಾಲ್ಕನೆಯ ಹೆಜ್ಜೆಗೆ ವಾಪಸ್ ಹೋಗಿ.

9. ಹಣ ಕೇಳುವ ಪ್ರಶಸ್ತಿಗಳು

‘ಅತ್ಯುತ್ತಮ ಸಂಶೋಧಕ ಪ್ರಶಸ್ತಿಗೆ ನೀವು ಆಯ್ಕೆಯಾಗಿದ್ದೀರಿ’ ಎಂದು ಅರ್ಜಿಯೇ ಹಾಕದವರಿಗೆ ಇಮೇಲ್ ಬರುತ್ತದೆ. ಫಲಕ, ಶಾಲು, ಭೋಜನ, ಪ್ರಮಾಣಪತ್ರ ಎಲ್ಲ ಉಂಟು. ‘ನೋಂದಣಿ ಶುಲ್ಕ’ ಕಟ್ಟಬೇಕು ಅಷ್ಟೇ. ವಿದ್ವತ್ ಸಂಘಗಳಲ್ಲಿ ಸದಸ್ಯತ್ವದ ಶುಲ್ಕವಿರುವುದು, ಸಮ್ಮೇಳನಕ್ಕೆ ನೋಂದಣಿಯಿರುವುದು ಸಹಜ. ಪ್ರಶಸ್ತಿಗೇ ಬೆಲೆಯಿದ್ದರೆ ಅದು ಖರೀದಿ. ಆಯ್ಕೆ ಸಮಿತಿಯ ಹೆಸರುಗಳು, ಮಾನದಂಡ, ಹಿಂದಿನ ವಿಜೇತರ ಕೃತಿಗಳು ಈ ಮೂರೂ ಬಹಿರಂಗವಾಗಿ ಸಿಗದಿದ್ದರೆ ಮುಚ್ಚಿಬಿಡಿ. ಇಂಥದ್ದೊಂದು ಸ್ವವಿವರದಲ್ಲಿ ಸೇರಿದರೆ ಗೊತ್ತಿರುವವರು ಉಳಿದ ಸಾಲುಗಳನ್ನೂ ಅನುಮಾನದಿಂದ ಓದುತ್ತಾರೆ.

10. ಫಲಿತಾಂಶ ಬಂದ ಮೇಲೆ

ಬರಲಿಲ್ಲ ಎಂದಾದರೆ ಎರಡು ದಿನ ಬಿಟ್ಟು, ಅಭಿಪ್ರಾಯ ಹಂಚಿಕೊಳ್ಳುವ ಪದ್ಧತಿ ಇದೆಯೇ ಎಂದು ಕೇಳಿ. ಇದ್ದರೆ ಅದನ್ನು ಪುಟಗಟ್ಟಲೆ ಖಂಡಿಸಿ ಉತ್ತರಿಸಬೇಡಿ. ಒಂದೇ ಟೀಕೆಯನ್ನು ಇಬ್ಬರು ಬೇರೆ ಬೇರೆಯಾಗಿ ಮಾಡಿದ್ದರೆ ಅದು ಸರಿ, ಒಬ್ಬರೇ ಮಾಡಿದ್ದರೆ ಯೋಚಿಸಿ ನೋಡಬೇಕಾದದ್ದು. ಮತ್ತೆ ಅರ್ಜಿ ಹಾಕಲು ಕೆಲವು ಯೋಜನೆಗಳಲ್ಲಿ ನಿರ್ಬಂಧವಿರುತ್ತದೆ, ಹಾಳೆಯಲ್ಲಿ ಅದನ್ನೂ ಗುರುತು ಹಾಕಿಕೊಳ್ಳಿ. ಸಾರಾಂಶ ಮಾತ್ರ ವ್ಯರ್ಥವಲ್ಲ: ಅದೇ ಮುಂದಿನ ಲೇಖನದ ಪೀಠಿಕೆ, ಉದ್ಯೋಗದ ಸಂದರ್ಶನದಲ್ಲಿ ‘ನಿಮ್ಮ ಸಂಶೋಧನೆ ಏನು?’ ಎಂಬುದಕ್ಕೆ ಉತ್ತರ.

ಪತ್ರ ಬರೆದವರಿಗೆ ಫಲಿತಾಂಶ ಏನೇ ಇರಲಿ ತಿಳಿಸಿ. ಮುಂದಿನ ವರ್ಷ ಮತ್ತೆ ಅವರ ಬಾಗಿಲಿಗೇ ಹೋಗಬೇಕು.

ಬಂದರೆ, ಸಂತೋಷದ ನಡುವೆ ಮೂರು ಸಂಗತಿಗಳನ್ನು ನೋಡಿ. ಸ್ವೀಕಾರ ಪತ್ರದಲ್ಲಿ ಬೇರೆ ಅನುದಾನದ ಜೊತೆ ಇದನ್ನು ಇಟ್ಟುಕೊಳ್ಳಬಹುದೇ ಎಂಬ ಷರತ್ತು, ತೆರಿಗೆ ಯಾವ ದೇಶದಲ್ಲಿ ಸಲ್ಲಬೇಕು ಎಂಬುದು, ಮತ್ತು ವರದಿಯ ದಿನಾಂಕ. ಪ್ರಕಟಣೆಗಳಲ್ಲಿ ಪ್ರಾಯೋಜಕರನ್ನು ಯಾವ ಮಾತಿನಲ್ಲಿ ನೆನೆಯಬೇಕೆಂದು ಅವರೇ ಒಂದು ವಾಕ್ಯ ಕೊಟ್ಟಿರುತ್ತಾರೆ, ಅದನ್ನು ಅಕ್ಷರಶಃ ನಕಲಿಸಿ ಕರಡು ಲೇಖನದ ಕೊನೆಗೆ ಇಂದೇ ಅಂಟಿಸಿಡಿ. ಎರಡು ವರ್ಷ ಬಿಟ್ಟು ಹುಡುಕಿದರೆ ಆ ಇಮೇಲ್ ಸಿಗುವುದಿಲ್ಲ.